2 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿಗೆ ಯಾವ ವಿಂಡೋ ಮ್ಯಾನೇಜರ್? (ದಯವಿಟ್ಟು ಜಗಳವಾಡದೆ ಹೇಳಿ)

ನಿಧಾನಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಡೆಬಿಯನ್ ಲಿನಕ್ಸ್ ಹಾಕಿ ಗ್ನೋಮ್ ಎಂಬ ಪೂರ್ತಿ ಡೆಸ್ಕ್‌ಟಾಪ್ ಓಡಿಸಲು ನೋಡಿದೆ. ಅದು ಓಡಲಿಲ್ಲ, ತೆವಳಿತು. ಲಾಗಿನ್ ಆಗಿ, ಎದ್ದು ಹೋಗಿ ಮುಖ ತೊಳೆದು ಬಂದರೂ ಹಿನ್ನೆಲೆಯ ಚಿತ್ರ ಮೂಡಿರುವುದಿಲ್ಲ.

ಪೂರ್ತಿ ಡೆಸ್ಕ್‌ಟಾಪ್ ಬಿಟ್ಟು ಬರೀ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ಜೋಡಿಸಿ ಆಡಿಸುವ ಭಾಗ) ಒಂದನ್ನು ಹಾಕಿಕೊಳ್ಳೋಣ ಎಂದು ನಾಲ್ಕು ದಿನಗಳಿಂದ ಓದುತ್ತಿದ್ದೇನೆ. ಓಪನ್‌ಬಾಕ್ಸ್, ಫ್ಲಕ್ಸ್‌ಬಾಕ್ಸ್, ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂ, ಐ3, ಡಿಡಬ್ಲ್ಯೂಎಂ. ಓದಿದಷ್ಟೂ ತಲೆ ಕೆಡುತ್ತಿದೆ, ಏಕೆಂದರೆ ಪ್ರತಿಯೊಬ್ಬರೂ ತಮ್ಮದೇ ಎಲ್ಲಕ್ಕಿಂತ ಹಗುರ ಎನ್ನುತ್ತಾರೆ.

ಇನ್ನೊಂದು ತೊಡಕು: ಈ ಯಂತ್ರವನ್ನು ಬಳಸುವವರು ಇಬ್ಬರು. ನಾನು ಟರ್ಮಿನಲ್ ತೆರೆದು ಪೈಥಾನ್ ಬರೆಯುತ್ತೇನೆ. ಅಪ್ಪ ಲಿಬ್ರೆಆಫೀಸಿನಲ್ಲಿ ಕನ್ನಡ ಲೇಖನ ಬರೆಯುತ್ತಾರೆ, ಬ್ರೌಸರ್‌ನಲ್ಲಿ ಪತ್ರಿಕೆ ಓದುತ್ತಾರೆ. ಕಿಟಕಿಯ ಮೂಲೆಯಲ್ಲಿ ಮುಚ್ಚುವ ಗುಂಡಿ ಕಾಣಿಸದಿದ್ದರೆ ನನ್ನನ್ನು ಕೂಗುತ್ತಾರೆ. ಯಾವುದನ್ನು ಹಾಕಲಿ?

ಟರ್ಮಿನಲ್_ತಿಮ್ಮ

ಡಿಡಬ್ಲ್ಯೂಎಂ. ಚರ್ಚೆ ಮುಗಿಯಿತು, ಬಾಗಿಲು ಮುಚ್ಚಬಹುದು.

ಮೂಷಿಕವಿರೋಧಿ

ಎಲ್ಲಿ ಮುಗಿಯಿತು? ರ‍್ಯಾಟ್‌ಪಾಯ್ಸನ್ ಎಂಬುದೊಂದಿದೆ. ಹೆಸರೇ ಹೇಳುವಂತೆ ಮೌಸಿಗೆ ಇಟ್ಟ ಪಾಷಾಣ. ಶೀರ್ಷಿಕೆಪಟ್ಟಿ ಇಲ್ಲ, ಅಂಚು ಇಲ್ಲ, ಗುಂಡಿ ಇಲ್ಲ. ಎಲ್ಲವೂ ಕೀಲಿಮಣೆಯಿಂದ. ನನ್ನ ಯಂತ್ರದಲ್ಲಿ ಮೌಸ್ ಯಾವ ಕಡೆ ಇದೆ ಎಂಬುದೇ ನನಗೆ ನೆನಪಿಲ್ಲ.

ಅರೆಬರೆ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಗೊತ್ತಿತ್ತು. ಹೆಗ್ಗಣಕ್ಕೆ ಇಡುವ ಪಾಷಾಣವೂ ಮುದ್ದು ಎಂಬುದು ಇವತ್ತು ತಿಳಿಯಿತು.

ಸ್ವಾಮಿ, ಕೇಳುತ್ತಿರುವವರ ಅಪ್ಪನಿಗೆ ಮುಚ್ಚುವ ಗುಂಡಿ ಬೇಕಂತೆ. ಪ್ರಶ್ನೆಯನ್ನು ಕೊನೆಯ ಸಾಲಿನವರೆಗೂ ಓದುವ ಪದ್ಧತಿ ಇಲ್ಲಿ ಇದೆಯೇ?

ಬೈಟುಗಣಕ

ನಿಧಾನಿ ಅವರೇ, ಹೆಸರುಗಳ ಜಾತ್ರೆಗೆ ಹೋಗುವ ಮೊದಲು ನಿಮ್ಮ ಯಂತ್ರ ಏಕೆ ನಿಧಾನವಾಗಿದೆ ಎಂದು ನೋಡಿದ್ದೀರಾ?

ನೀವು ಹೆಸರಿಸಿದ ಆರರಲ್ಲಿ ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ ನಡುವಿನ ವ್ಯತ್ಯಾಸ ಕೆಲವೇ ಕೆಲವು ಎಂಬಿ. ಈಗಿನ ಒಂದು ಪತ್ರಿಕೆಯ ಮುಖಪುಟವನ್ನು ಬ್ರೌಸರ್‌ನಲ್ಲಿ ತೆರೆದರೆ ಆ ಒಂದೇ ಟ್ಯಾಬ್ ನೂರಾರು ಎಂಬಿ ನುಂಗಬಹುದು. ಬ್ರೌಸರ್ ನುಂಗಿದ್ದಕ್ಕೆ ವಿಂಡೋ ಮ್ಯಾನೇಜರನ್ನು ಬದಲಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಗ್ನೋಮ್ ಬಿಡುವುದರಿಂದ ಲಾಭ ಖಂಡಿತ ಇದೆ, ಏಕೆಂದರೆ ಅದರ ಜೊತೆ ಓಡುವ ಕಡತ ಸೂಚಿ ತಯಾರಿಸುವ ಸೇವೆ, ಕ್ಯಾಲೆಂಡರ್ ಸೇವೆ, ಸಾಫ್ಟ್‌ವೇರ್ ಅಂಗಡಿ ಎಲ್ಲವೂ ಹೋಗುತ್ತವೆ. ಆದರೆ ಓಪನ್‌ಬಾಕ್ಸಿನಿಂದ ಡಿಡಬ್ಲ್ಯೂಎಂಗೆ ಜಿಗಿದರೆ ಉಳಿಯುವುದು ಬರೀ ಹೆಮ್ಮೆ.

ಅಳೆಯುವಾಗ ಎರಡು ಎಚ್ಚರಿಕೆ. "ಫ್ರೀ" ಕಮಾಂಡ್ ಕೊಟ್ಟರೆ ಫ್ರೀ ಎಂಬ ಅಂಕಣವನ್ನು ನೋಡಿ ಗಾಬರಿಯಾಗಬೇಡಿ, "ಅವೈಲಬಲ್" ಎಂಬ ಅಂಕಣವನ್ನು ನೋಡಿ. ಖಾಲಿ ಇರುವ ರ‍್ಯಾಮನ್ನು ಕರ್ನಲ್ ಡಿಸ್ಕಿನ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಎರಡನೆಯದು, ಟಾಪ್‌ನಲ್ಲಿ ಕಾಣುವ "ರೆಸ್" ಸಂಖ್ಯೆಯನ್ನು ಕೂಡಿಸುತ್ತಾ ಹೋಗಬೇಡಿ. ಹಲವು ಪ್ರೋಗ್ರಾಂಗಳು ಹಂಚಿಕೊಂಡ ಲೈಬ್ರರಿಗಳು ಪ್ರತಿಯೊಂದರ ಲೆಕ್ಕದಲ್ಲೂ ಬರುತ್ತವೆ. ಸ್ಮೆಮ್ ಎಂಬ ಉಪಕರಣ ಹಾಕಿ ಅದರ ಪಿಎಸ್‌ಎಸ್ ಅಂಕಣ ನೋಡಿ. ಹಂಚಿಕೊಂಡದ್ದನ್ನು ಅದು ಪಾಲು ಹಾಕಿ ತೋರಿಸುತ್ತದೆ.

ಜೊತೆಗೆ ನಿಧಾನವಾದ ಹೊತ್ತಿನಲ್ಲೇ "ವಿಎಂಸ್ಟ್ಯಾಟ್ 1" ಕೊಟ್ಟು, ಎಸ್‌ಐ ಮತ್ತು ಎಸ್‌ಒ ಎಂಬ ಅಂಕಣಗಳಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆಗಳು ಓಡುತ್ತಿವೆಯೇ ಎಂದು ಇಲ್ಲಿ ಬರೆಯಿರಿ.

ಟರ್ಮಿನಲ್_ತಿಮ್ಮ

ಹಗುರ ಎಂದರೆ ಎಂಬಿ ಮಾತ್ರವಲ್ಲ ಗಣಕರೇ. ಡಿಡಬ್ಲ್ಯೂಎಂ ತಯಾರಿಸಿದವರು ಮೂಲ ಕೋಡ್ 2000 ಸಾಲು ದಾಟಬಾರದು ಎಂದು ತಾವೇ ಗೆರೆ ಹಾಕಿಕೊಂಡಿದ್ದಾರೆ. ಒಂದು ರಾತ್ರಿಯಲ್ಲಿ ಪೂರ್ತಿ ಓದಿ ಮುಗಿಸಬಹುದು. ನಿಮ್ಮ ಕಿಟಕಿಗಳನ್ನು ಆಡಿಸುತ್ತಿರುವುದು ಏನು ಎಂದು ಪೂರ್ತಿ ತಿಳಿದಿರುವುದೂ ಒಂದು ಹಗುರತನವೇ.

ಅರೆಬರೆ

ಓದಿ ಮುಗಿಸಿದ ಮೇಲೆ? ಬಣ್ಣ ಬದಲಿಸಬೇಕೆಂದರೆ ಕಾನ್ಫಿಗ್.ಎಚ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಆಮೇಲೆ ಕಿಟಕಿಗಳ ನಡುವೆ ಜಾಗ ಬೇಕು ಎಂದು ಒಂದು ಪ್ಯಾಚ್, ಸಿಸ್ಟಂ ಟ್ರೇ ಬೇಕು ಎಂದು ಇನ್ನೊಂದು, ಎರಡೂ ಒಂದೇ ಸಾಲನ್ನು ತಿದ್ದುತ್ತವೆ ಎಂದು ಕೈಯಿಂದ ಹೊಲಿಗೆ. ನಾನು ಹನ್ನೊಂದು ಪ್ಯಾಚ್ ಹಾಕಿಕೊಂಡಿದ್ದೆ. ಮೂಗಿಗಿಂತ ಮೂಗುತಿ ಭಾರವಾಯಿತು. ಹೊಸ ಆವೃತ್ತಿ ಬಂದ ದಿನ ಎಲ್ಲವನ್ನೂ ಅಳಿಸಿ ಐ3 ಹಾಕಿಕೊಂಡೆ.

ಟರ್ಮಿನಲ್_ತಿಮ್ಮ

ಅದು ನಿಮ್ಮ ಆಸೆಬುರುಕತನ, ಡಿಡಬ್ಲ್ಯೂಎಂ ತಪ್ಪಲ್ಲ.

ಹಳೆಬೇರು

ಈ ಪ್ರಶ್ನೆ ಹೊಸದಲ್ಲ ಮಕ್ಕಳೇ. 1987ರಲ್ಲಿ ಟಿಡಬ್ಲ್ಯೂಎಂ ಬಂತು. 1993ರಲ್ಲಿ ಅದೇ ಕೋಡನ್ನು ಹಿಡಿದು ರಾಬರ್ಟ್ ನೇಷನ್ ಎಂಬವರು ಎಫ್‌ವಿಡಬ್ಲ್ಯೂಎಂ ಮಾಡಿದ್ದೇ ಮೆಮೊರಿ ಉಳಿಸುವುದಕ್ಕೆ. ಆಗ ನಾವು ಎಂಬಿಗಳನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕುತ್ತಿದ್ದೆವು. 1997ರ ಸುಮಾರಿಗೆ ಒಂದರ ಹಿಂದೆ ಒಂದು ಬಂದವು: ಐಸ್‌ಡಬ್ಲ್ಯೂಎಂ, ಬ್ಲ್ಯಾಕ್‌ಬಾಕ್ಸ್, ವಿಂಡೋ ಮೇಕರ್. ಬ್ಲ್ಯಾಕ್‌ಬಾಕ್ಸಿನಿಂದ ಕವಲೊಡೆದು ಫ್ಲಕ್ಸ್‌ಬಾಕ್ಸ್, ಓಪನ್‌ಬಾಕ್ಸ್. ಆಗಲೂ ಪ್ರತಿಯೊಬ್ಬನೂ ತನ್ನದೇ ಹಗುರ ಎನ್ನುತ್ತಿದ್ದ. ನಾನು ಎಫ್‌ವಿಡಬ್ಲ್ಯೂಎಂ ಸಂರಚನೆಯ ಕಡತವನ್ನು ವರ್ಷಗಟ್ಟಲೆ ತಿದ್ದಿದೆ. ಆ ಕಡತ ಈಗಲೂ ಇದೆ. ಅದನ್ನು ತೆರೆದರೆ ಹಳೆಯ ಕಾಗದಪತ್ರ ಓದಿದಂತಾಗುತ್ತದೆ, ಯಾವ ಸಾಲು ಏಕೆ ಬರೆದೆ ಎಂದು ಅರ್ಧಕ್ಕರ್ಧ ಮರೆತಿದೆ.

ನಿಮ್ಮ ತಂದೆಯವರಿಗೆ ಐಸ್‌ಡಬ್ಲ್ಯೂಎಂ. ಕೆಳಗೆ ಕಾರ್ಯಪಟ್ಟಿ, ಮೆನು, ಗಡಿಯಾರ ಎಲ್ಲವೂ ಅದರಲ್ಲೇ ಬರುತ್ತವೆ. ಬೇರೆ ಏನನ್ನೂ ಜೋಡಿಸಬೇಕಿಲ್ಲ. ಇಷ್ಟು ವರ್ಷಗಳಾದರೂ ಅದಕ್ಕೆ ಹೊಸ ಆವೃತ್ತಿಗಳು ಬರುತ್ತಲೇ ಇವೆ.

ಬೈಟುಗಣಕ

ಹಳೆಬೇರು ಅವರೇ, ಸಣ್ಣ ತಿದ್ದುಪಡಿ. ಓಪನ್‌ಬಾಕ್ಸ್ ಬ್ಲ್ಯಾಕ್‌ಬಾಕ್ಸಿನಿಂದ ಹುಟ್ಟಿದ್ದು ನಿಜ. ಆದರೆ 3.0 ಆವೃತ್ತಿಯ ಹೊತ್ತಿಗೆ ಸಿ ಭಾಷೆಯಲ್ಲಿ ಪೂರ್ತಿ ಹೊಸದಾಗಿ ಬರೆದರು. ಈಗಿನದರಲ್ಲಿ ಬ್ಲ್ಯಾಕ್‌ಬಾಕ್ಸಿನ ಕೋಡ್ ಇಲ್ಲ.

ಹಳೆಬೇರು

ಸರಿ, ಒಪ್ಪಿದೆ. ಮನೆ ಕೆಡವಿ ಕಟ್ಟಿದರೂ ಮನೆತನದ ಹೆಸರು ಉಳಿಯಿತು ಎಂದುಕೊಳ್ಳಿ.

ಕಿಟಕಿಪ್ರಿಯೆ

ಓಪನ್‌ಬಾಕ್ಸ್ ಹಾಕುವವರಿಗೆ ಒಂದು ಮಾತು, ಮನೆಯವರಿಗಾಗಿ ಹಾಕುವವರಿಗಂತೂ ವಿಶೇಷವಾಗಿ.

ನಮ್ಮ ಅತ್ತೆಯವರ ಕಂಪ್ಯೂಟರಿಗೆ ಓಪನ್‌ಬಾಕ್ಸ್ ಮತ್ತು ಟಿಂಟ್2 ಎಂಬ ಕಾರ್ಯಪಟ್ಟಿ ಹಾಕಿಕೊಟ್ಟಿದ್ದೆ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಕಚೇರಿಗೆ ಫೋನ್ ಬಂತು: "ನಾನು ಬರೆದದ್ದೆಲ್ಲ ಹೋಯಿತಮ್ಮ, ಏನೂ ಇಲ್ಲ, ಬರೀ ನೀಲಿ." ಕಡತ ಅಳಿಸಿಹೋಗಿದೆ ಎಂದೇ ಭಾವಿಸಿ ಸಂಜೆ ಓಡಿ ಬಂದೆ. ನೋಡಿದರೆ ಎಲ್ಲವೂ ಇದೆ, ಒಂದನೆಯ ಡೆಸ್ಕ್‌ಟಾಪಿನಲ್ಲಿ. ಅವರು ಇದ್ದದ್ದು ಮೂರನೆಯದರಲ್ಲಿ. ಓಪನ್‌ಬಾಕ್ಸಿನಲ್ಲಿ ಮೊದಲಿನಿಂದಲೇ ನಾಲ್ಕು ಡೆಸ್ಕ್‌ಟಾಪ್ ಇರುತ್ತವೆ, ಖಾಲಿ ಜಾಗದ ಮೇಲೆ ಮೌಸಿನ ಚಕ್ರ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ ಹೋಗಿಬಿಡುತ್ತದೆ. ಅವರು ಪುಟ ಕೆಳಗಿಳಿಸಲು ಚಕ್ರ ತಿರುಗಿಸಿದ್ದಾರೆ, ಬಾಣ ಕಿಟಕಿಯಿಂದ ಸ್ವಲ್ಪ ಹೊರಗಿತ್ತು.

ಆಬ್‌ಕಾನ್ಫ್ ತೆರೆದು ಡೆಸ್ಕ್‌ಟಾಪ್ ಸಂಖ್ಯೆಯನ್ನು 1ಕ್ಕೆ ಇಳಿಸಿದೆ. ಅತ್ತೆ ಇಂದಿಗೂ ಚಕ್ರವನ್ನು ಮುಟ್ಟುವಾಗ ನನ್ನ ಮುಖ ನೋಡುತ್ತಾರೆ.

ಮೂಷಿಕವಿರೋಧಿ

ನೋಡಿ, ಮೌಸ್ ಇದ್ದದ್ದೇ ತಪ್ಪು.

ನಿಧಾನಿ

ಕಿಟಕಿಪ್ರಿಯೆ ಅವರೇ, ಇದು ನಮ್ಮ ಮನೆಯಲ್ಲೂ ಖಂಡಿತ ನಡೆಯುವ ಘಟನೆ. ಬರೆದಿಟ್ಟುಕೊಂಡೆ.

ಗಣಕರೇ, ನೀವು ಹೇಳಿದಂತೆ ಮಾಡಿದೆ. ಬ್ರೌಸರ್ ಮತ್ತು ಲಿಬ್ರೆಆಫೀಸ್ ಎರಡನ್ನೂ ತೆರೆದಾಗ ಎಸ್‌ಐ, ಎಸ್‌ಒ ಎರಡರಲ್ಲೂ ಸಾವಿರಗಳು ಓಡುತ್ತಿವೆ, ಡಿಸ್ಕಿನ ದೀಪ ಆರುವುದೇ ಇಲ್ಲ.

ಬೈಟುಗಣಕ

ಅಂದುಕೊಂಡಂತೆಯೇ ಆಯಿತು. ರ‍್ಯಾಮ್ ಸಾಲದೆ ಕರ್ನಲ್ ಪುಟಗಳನ್ನು ಡಿಸ್ಕಿಗೆ ಒಯ್ದು ಹಾಕುತ್ತಿದೆ, ಮತ್ತೆ ತರುತ್ತಿದೆ. ತಿರುಗುವ ಡಿಸ್ಕಿನಲ್ಲಿ ಇದು ಎಲ್ಲಕ್ಕಿಂತ ದುಬಾರಿ ಕೆಲಸ, ಏಕೆಂದರೆ ಓದುವ ತಲೆ ಅಲ್ಲಿಂದಿಲ್ಲಿಗೆ ಓಡಾಡಬೇಕು. ಜಡ್‌ರ‍್ಯಾಮ್ ಹಾಕಿ. ರ‍್ಯಾಮಿನ ಒಂದು ಭಾಗದಲ್ಲೇ ಪುಟಗಳನ್ನು ಸಂಕುಚಿಸಿ ಇಡುತ್ತದೆ, ಡಿಸ್ಕಿಗೆ ಹೋಗುವುದು ಬಹಳ ಕಡಿಮೆಯಾಗುತ್ತದೆ. ಸಾಧ್ಯವಾದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ಆ ಬದಲಾವಣೆ ಇಲ್ಲಿ ಹೆಸರಿಸಿದ ಎಲ್ಲ ವಿಂಡೋ ಮ್ಯಾನೇಜರುಗಳಿಗಿಂತ ದೊಡ್ಡದು.

ಟರ್ಮಿನಲ್_ತಿಮ್ಮ

ವಿಂಡೋ ಮ್ಯಾನೇಜರ್ ಕೇಳಿದರೆ ಡಿಸ್ಕ್ ಬದಲಿಸಿ ಎನ್ನುವುದು ಯಾವ ನ್ಯಾಯ?

ಬೈಟುಗಣಕ

ಕಾಲಿಗೆ ಮುಳ್ಳು ಚುಚ್ಚಿದವನು ಚಪ್ಪಲಿಯ ಬಣ್ಣ ಕೇಳಿದರೆ ಮುಳ್ಳು ತೆಗೆ ಎನ್ನುವ ನ್ಯಾಯ.

ನೂಲುಕಟ್ಟು

ಬರೀ ವಿಂಡೋ ಮ್ಯಾನೇಜರ್ ಹಾಕಿಕೊಳ್ಳುತ್ತೇನೆ ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಡೆಸ್ಕ್‌ಟಾಪ್ ಎಂಬುದು ನಮಗೆ ಕಾಣದಂತೆ ಏನೇನು ಮಾಡುತ್ತಿತ್ತು ಎಂಬುದು ಅದನ್ನು ತೆಗೆದ ಮೇಲೆಯೇ ತಿಳಿಯುವುದು. ನನಗೆ ತಿಳಿದ ಕ್ರಮ ಹೀಗಿದೆ.

ಮೊದಲ ದಿನ: ಪೆನ್‌ಡ್ರೈವ್ ಚುಚ್ಚಿದೆ, ಏನೂ ಆಗಲಿಲ್ಲ. ತಾನಾಗಿ ತೆರೆದುಕೊಳ್ಳಲು ಯುಡಿಸ್ಕಿ ಬೇಕಾಯಿತು. ಎರಡನೆಯ ದಿನ: ವೈಫೈ ಆಯ್ಕೆ ಮಾಡಲು ಜಾಗವೇ ಇಲ್ಲ. ಎನ್‌ಎಂ-ಆಪ್ಲೆಟ್ ಹಾಕಿದೆ, ಅದು ಕೂರಲು ಟ್ರೇ ಬೇಕು ಎಂದಿತು. ಮೂರನೆಯ ದಿನ: ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಪಾಸ್‌ವರ್ಡ್ ಕೇಳದೆ ನೇರ ಒಳಗೆ. ಎಕ್ಸ್‌ಎಸ್‌ಎಸ್-ಲಾಕ್ ಮತ್ತು ಐ3ಲಾಕ್ ಬಂದವು. ಆಡಳಿತದ ಅನುಮತಿ ಬೇಕಾದ ಕೆಲಸಗಳು ಏನೂ ಹೇಳದೆ ವಿಫಲವಾಗುತ್ತಿದ್ದವು, ಏಕೆಂದರೆ ಪಾಸ್‌ವರ್ಡ್ ಕೇಳುವ ಪೋಲ್‌ಕಿಟ್ ಏಜೆಂಟ್ ಓಡುತ್ತಿರಲಿಲ್ಲ. ಇದನ್ನು ಪತ್ತೆ ಹಚ್ಚಲು ಒಂದು ವಾರ ಬೇಕಾಯಿತು.

ನಿಜವಾದ ಅವಮಾನ ಆದದ್ದು ಒಂದು ಸಭೆಯಲ್ಲಿ. ಪ್ರೊಜೆಕ್ಟರಿಗೆ ತಂತಿ ಜೋಡಿಸಿ ನಿಂತೆ. ಮೂವತ್ತು ಜನ ಎದುರಿಗೆ. ಪರದೆ ಕಪ್ಪು. ಹೊಸ ಪರದೆ ಬಂದಿದೆ ಎಂದು ಗಮನಿಸಿ ಅದನ್ನು ಹೊತ್ತಿಸುವವರು ಯಾರೂ ಇರಲಿಲ್ಲ. ಎಲ್ಲರ ಮುಂದೆ ಎಕ್ಸ್‌ರ‍್ಯಾಂಡರ್ ಕಮಾಂಡನ್ನು ನೆನಪಿನಿಂದ ಬರೆಯಲು ಹೋಗಿ ಎರಡು ಸಲ ತಪ್ಪಿಸಿದೆ, ಮೂರನೆಯ ಸಲ ನನ್ನ ಲ್ಯಾಪ್‌ಟಾಪಿನ ಪರದೆಯೇ ಆರಿಹೋಯಿತು. ಮಾತು ಮುಗಿಯುವ ಹೊತ್ತಿಗೆ ಬ್ಯಾಟರಿಯೂ ಮುಗಿಯಿತು. ಎಚ್ಚರಿಕೆ ಕೊಡುವವರೂ ಯಾರೂ ಇರಲಿಲ್ಲವಲ್ಲ.

ಇದನ್ನೆಲ್ಲ ಒಂದೊಂದಾಗಿ ಹೊಲಿದು ಜೋಡಿಸಿದೆ, ಈಗ ಚೆನ್ನಾಗಿದೆ. ಆದರೆ ಜೋಡಿಸಿದ ಮೇಲೆ ನೋಡಿದರೆ ನನ್ನ ಕೈಯಲ್ಲಿ ಇರುವುದು ಇನ್ನೊಂದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಅದೂ ದಾಖಲೆ ಪುಸ್ತಕ ಇಲ್ಲದ ಎಕ್ಸ್‌ಎಫ್‌ಸಿಇ.

ಅರೆಬರೆ

ಕೊನೆಯ ಸಾಲನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸುತ್ತೇನೆ.

ಒತ್ತಕ್ಷರ

ಇಷ್ಟು ಮಾತಾಯಿತು, ಅಪ್ಪ ಕನ್ನಡ ಬರೆಯುತ್ತಾರೆ ಎಂಬುದನ್ನು ಯಾರೂ ಎತ್ತಲಿಲ್ಲ. ಆಯ್ಕೆ ನಿಜವಾಗಿ ನಿಲ್ಲುವುದು ಅಲ್ಲೇ.

ಗ್ನೋಮ್‌ನಲ್ಲಿ ಐಬಸ್ (ಕೀಲಿಯೊತ್ತನ್ನು ಕನ್ನಡ ಅಕ್ಷರವಾಗಿಸುವ ಸೇವೆ) ತಾನಾಗಿ ಓಡುತ್ತದೆ. ಬರೀ ವಿಂಡೋ ಮ್ಯಾನೇಜರ್‌ನಲ್ಲಿ ಅದನ್ನು ನೀವೇ ಆರಂಭಿಸಬೇಕು. ಜೊತೆಗೆ ಜಿಟಿಕೆ, ಕ್ಯೂಟಿ ಎಂಬ ಲೈಬ್ರರಿಗಳಲ್ಲಿ ಬರೆದ ಮತ್ತು ಹಳೆಯ ಎಕ್ಸ್ ಪ್ರೋಗ್ರಾಂಗಳಿಗೆ "ಅಕ್ಷರ ಮೂಡಿಸುವವನು ಐಬಸ್" ಎಂದು ತಿಳಿಸುವ ಮೂರು ಪರಿಸರ ಚರಗಳನ್ನು ಲಾಗಿನ್ ಹೊತ್ತಿನಲ್ಲೇ ಇಡಬೇಕು. ಒಂದು ತಪ್ಪಿದರೆ ಬ್ರೌಸರ್‌ನಲ್ಲಿ ಕನ್ನಡ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ಆಗ ನಿಮ್ಮ ತಂದೆಯವರು ಕೀಲಿಮಣೆ ಕೆಟ್ಟಿದೆ ಎನ್ನುತ್ತಾರೆ, ನೀವು ಲಿಬ್ರೆಆಫೀಸನ್ನು ಮರುಸ್ಥಾಪಿಸುತ್ತೀರಿ. ಇಬ್ಬರೂ ತಪ್ಪು.

ಇನ್ನೊಂದು, ಕನ್ನಡ ಕಾಣುವ ವಿಷಯ. ಡಿಡಬ್ಲ್ಯೂಎಂ ಮತ್ತು ಅದರ ಜೊತೆಗಾರ ಡಿಮೆನು ಅಕ್ಷರ ಬಿಡಿಸಲು ಎಕ್ಸ್‌ಎಫ್‌ಟಿ ಬಳಸುತ್ತವೆ. ಅದು ಅಕ್ಷರಗಳನ್ನು ಒಂದರ ಪಕ್ಕ ಒಂದಿಡುತ್ತದೆ ಅಷ್ಟೇ, ಕೂಡಿಸಿ ರೂಪಿಸುವುದಿಲ್ಲ. ಹಾಗಾಗಿ ಕಡತದ ಹೆಸರು "ಅಕ್ಕನ ಪತ್ರ" ಎಂದಿದ್ದರೆ ಮೇಲಿನ ಪಟ್ಟಿಯಲ್ಲಿ ಒತ್ತು ಕೆಳಗಿಳಿಯುವುದೇ ಇಲ್ಲ. ಕಕಾರ, ಹಲಂತದ ಚಿಹ್ನೆ, ಮತ್ತೊಂದು ಕಕಾರ ಸಾಲಾಗಿ ನಿಲ್ಲುತ್ತವೆ. ಓಪನ್‌ಬಾಕ್ಸ್, ಟಿಂಟ್2, ಐ3, ರೋಫಿ ಇವೆಲ್ಲ ಅಕ್ಷರ ಕೂಡಿಸಿ ರೂಪಿಸುವ ಪ್ಯಾಂಗೊ ಬಳಸುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಇಂಗ್ಲಿಷ್ ಮಾತ್ರ ಓದುವವರು ಬರೆದ ಹೋಲಿಕೆ ಪಟ್ಟಿಗಳಲ್ಲಿ ಈ ಅಂಕಣವೇ ಇರುವುದಿಲ್ಲ.

ಟರ್ಮಿನಲ್_ತಿಮ್ಮ

ಡಿಡಬ್ಲ್ಯೂಎಂಗೂ ಪ್ಯಾಂಗೊ ಪ್ಯಾಚ್ ಇದೆ.

ಅರೆಬರೆ

ಹನ್ನೆರಡನೆಯದು.

ಬೈಟುಗಣಕ

ಒತ್ತಕ್ಷರ ಅವರು ಹೇಳಿದ್ದು ಸರಿ. ಆದರೆ ಡೆಬಿಯನ್ ಆದ್ದರಿಂದ ಆ ಮೂರು ಚರಗಳನ್ನು ಕೈಯಿಂದ ಬರೆಯುವ ಅಗತ್ಯವಿಲ್ಲ. ಐಎಂ-ಕಾನ್ಫಿಗ್ ಎಂಬ ಉಪಕರಣ ಓಡಿಸಿ ಐಬಸ್ ಆರಿಸಿದರೆ ಸಾಕು. ಲಾಗಿನ್ ಪರದೆಯ ಮೂಲಕ ಒಳಗೆ ಬಂದರೆ ಯಾವ ವಿಂಡೋ ಮ್ಯಾನೇಜರ್ ಇದ್ದರೂ ಅದೇ ಎಲ್ಲವನ್ನೂ ಇಟ್ಟುಕೊಡುತ್ತದೆ.

ಐಬಸ್ ಕೂಡ ಬೇಡ ಎನ್ನುವವರಿಗೆ ಕೀಲಿಮಣೆ ನೋಡಿಕೊಳ್ಳುವ ಎಕ್ಸ್‌ಕೆಬಿಯಲ್ಲೇ ಕನ್ನಡದ ಕೀಲಿ ವಿನ್ಯಾಸಗಳಿವೆ. ಕಗಪ ವಿನ್ಯಾಸವೂ ಇದೆ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಎಂದು ಒಂದು ಸಾಲು ಬರೆದರೆ ಆಯಿತು, ಹಿನ್ನೆಲೆಯಲ್ಲಿ ಏನೂ ಓಡುವುದಿಲ್ಲ.

ಒತ್ತಕ್ಷರ

ಅದನ್ನು ನಾನೂ ಬಳಸಿದ್ದೇನೆ. ಆದರೆ ನುಡಿಯಲ್ಲಿ ಕೈ ಪಳಗಿದವರಿಗೆ ಅದು ಕಿರಿಕಿರಿ. ಎಕ್ಸ್‌ಕೆಬಿಗೆ ಹಿಂದಿನ ಅಕ್ಷರ ಏನೆಂದು ಗೊತ್ತಿರುವುದಿಲ್ಲ. ಒಂದು ಕೀಲಿಗೆ ಒಂದು ಅಕ್ಷರ, ಅಷ್ಟೇ. ವ್ಯಂಜನದ ನಂತರ ಬಂದರೆ ಸ್ವರಚಿಹ್ನೆ, ಮೊದಲಿಗೆ ಬಂದರೆ ಸ್ವರ ಎಂಬ ವಿವೇಚನೆ ಅದಕ್ಕಿಲ್ಲ. ನಿಧಾನಿ ಅವರ ತಂದೆ ಯಾವ ವಿನ್ಯಾಸದಲ್ಲಿ ಬರೆಯುತ್ತಾರೆ ಎಂದು ಮೊದಲು ಕೇಳಿ.

ನಿಧಾನಿ

ನುಡಿ. ಬೆರಳಚ್ಚು ಯಂತ್ರದಿಂದ ನೇರವಾಗಿ ನುಡಿಗೆ ಬಂದವರು, ಇನ್ನೊಂದಕ್ಕೆ ಬದಲಾಗುವ ಪ್ರಶ್ನೆಯೇ ಇಲ್ಲ. ಹಾಗಾದರೆ ಐಬಸ್ ಇರಲಿ.

ಹೊಸತೆರೆ

2 ಜಿಬಿ ಇರಲಿ 20 ಜಿಬಿ ಇರಲಿ, ಈಗ ಹೊಸದಾಗಿ ಎಕ್ಸ್11 (ಕಿಟಕಿಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆ) ಕಲಿಯುವುದು ವ್ಯರ್ಥ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಅದನ್ನು ನಡೆಸುವ ಎಕ್ಸ್‌ಆರ್ಗ್ ಸರ್ವರನ್ನೇ ತೆಗೆದಿದ್ದಾರೆ. ಓಪನ್‌ಬಾಕ್ಸಿನ ಕೊನೆಯ ಬಿಡುಗಡೆ 3.6.1, ಅದು 2015ರದು. ಎಕ್ಸ್11ರ ಜಾಗಕ್ಕೆ ಬಂದಿರುವ ವೇಲ್ಯಾಂಡ್‌ಗೆ ಬನ್ನಿ. ಓಪನ್‌ಬಾಕ್ಸ್ ಬೇಕಿದ್ದವರಿಗೆ ಲ್ಯಾಬ್‌ಡಬ್ಲ್ಯೂಸಿ ಇದೆ, ಅದೇ ರೀತಿಯ ಸಂರಚನೆಯ ಕಡತ, ಅದೇ ಮೆನು. ರಾಸ್ಪ್‌ಬೆರಿ ಪೈ ಓಎಸ್ ಕೂಡ 2024ರ ಅಕ್ಟೋಬರ್‌ನಲ್ಲಿ ಅದಕ್ಕೇ ಬದಲಾಯಿತು. ಐ3 ಬೇಕಿದ್ದವರಿಗೆ ಸ್ವೇ.

ಹಳೆಬೇರು

2015ರಿಂದ ಬಿಡುಗಡೆ ಇಲ್ಲ ಎಂದರೆ ಮುಗಿದ ಕೆಲಸ ಎಂದೂ ಅರ್ಥವಾಗಬಹುದು. ನನ್ನ ಸುತ್ತಿಗೆಗೂ ಹೊಸ ಆವೃತ್ತಿ ಬಂದಿಲ್ಲ.

ಹೊಸತೆರೆ

ಸುತ್ತಿಗೆ ಇಂಟರ್‌ನೆಟ್‌ಗೆ ಹೋಗುವುದಿಲ್ಲ. ಎಕ್ಸ್11ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಕೀಲಿಯೊತ್ತುಗಳನ್ನು ಕದ್ದು ಓದಬಹುದು. ನೀವು ಬ್ಯಾಂಕಿನ ಪಾಸ್‌ವರ್ಡ್ ಬರೆಯುವಾಗ ಪಕ್ಕದ ಕಿಟಕಿ ಕೇಳಿಸಿಕೊಳ್ಳುತ್ತಿರಬಹುದು.

ಬೈಟುಗಣಕ

ಸುರಕ್ಷತೆಯ ಮಾತು ಸರಿ, ವಿವಾದವಿಲ್ಲ. ಆದರೆ ಹಗುರದ ಪ್ರಶ್ನೆಯಲ್ಲಿ ಒಂದು ವ್ಯತ್ಯಾಸ ಇದೆ. ಎಕ್ಸ್11ನಲ್ಲಿ ವಿಂಡೋ ಮ್ಯಾನೇಜರ್ ಬೇರೆ, ಚಿತ್ರಗಳನ್ನು ಕೂಡಿಸುವ ಕಂಪೋಸಿಟರ್ ಬೇರೆ. ಎರಡನೆಯದನ್ನು ಹಾಕದೆಯೇ ಇರಬಹುದು, ನೆರಳು ಮತ್ತು ಪಾರದರ್ಶಕತೆ ಇರುವುದಿಲ್ಲ ಅಷ್ಟೇ. ವೇಲ್ಯಾಂಡ್‌ನಲ್ಲಿ ಸರ್ವರ್, ಮ್ಯಾನೇಜರ್, ಕಂಪೋಸಿಟರ್ ಮೂರೂ ಒಂದೇ. ಲ್ಯಾಬ್‌ಡಬ್ಲ್ಯೂಸಿ, ಸ್ವೇ ಎರಡಕ್ಕೂ ಅಡಿಪಾಯವಾದ ಡಬ್ಲ್ಯೂಎಲ್‌ರೂಟ್ಸ್ ಸಾಮಾನ್ಯವಾಗಿ ಓಪನ್‌ಜಿಎಲ್ ಇಎಸ್ 2 ಕೇಳುತ್ತದೆ. ಗ್ರಾಫಿಕ್ಸ್ ಚಿಪ್ ಕೈಕೊಟ್ಟರೆ ಪಿಕ್ಸ್‌ಮ್ಯಾನ್ ಮೂಲಕ ಸಿಪಿಯು ಕೈಯಿಂದಲೇ ಚಿತ್ರ ಬಿಡಿಸಬಹುದು. ಆದರೆ ಕೋರ್ 2 ಡ್ಯುಯೊಗೆ ಆ ಹೊರೆಯನ್ನೂ ಹೊರಿಸಬೇಕೆ? ಪ್ರಯತ್ನಿಸಿ ನೋಡಲು ಅಡ್ಡಿಯಿಲ್ಲ.

ಹೊಸತೆರೆ

ಪ್ರಯತ್ನಿಸದೆ ಭಯ ಹುಟ್ಟಿಸುವುದೇ ಇಲ್ಲಿಯ ಕಸುಬು.

ಟರ್ಮಿನಲ್_ತಿಮ್ಮ

ವೇಲ್ಯಾಂಡ್ 2008ರಲ್ಲಿ ಶುರುವಾಯಿತು, ಇನ್ನೂ ಬರುತ್ತಲೇ ಇದೆ.

ನಿರ್ವಾಹಕ

ವೇಲ್ಯಾಂಡ್ ಬೇಕೇ ಬೇಡವೇ ಎಂಬುದಕ್ಕೆ ಈಗಾಗಲೇ ಎರಡು ಎಳೆಗಳಿವೆ. ಎರಡೂ ಇನ್ನೂ ಉರಿಯುತ್ತಿವೆ, ಸೌದೆಯನ್ನು ಅಲ್ಲಿಗೇ ಒಯ್ಯಿರಿ. ಇಲ್ಲಿ ನಿಧಾನಿ ಅವರ ಲ್ಯಾಪ್‌ಟಾಪ್ ಮಾತ್ರ.

ಬೂದುಕಿಟಕಿ

ಒಂದು ಸಣ್ಣ ಪ್ರಶ್ನೆ, ಇದೇ ಎಳೆಯಲ್ಲಿ ಕೇಳುತ್ತೇನೆ. ಡಿಡಬ್ಲ್ಯೂಎಂ ಹಾಕಿದ ಮೇಲೆ ನನ್ನ ಒಂದು ಜಾವಾ ಪ್ರೋಗ್ರಾಂ ತೆರೆದರೆ ಬರೀ ಬೂದು ಬಣ್ಣದ ಖಾಲಿ ಕಿಟಕಿ ಬರುತ್ತದೆ. ಎರಡು ಸಲ ಜಾವಾ ಮರುಸ್ಥಾಪಿಸಿದೆ.

ಟರ್ಮಿನಲ್_ತಿಮ್ಮ

ಜಾವಾ ತಪ್ಪು. ಹೆಚ್ಚಿನ ವಿಂಡೋ ಮ್ಯಾನೇಜರುಗಳು ಪ್ರತಿ ಕಿಟಕಿಯನ್ನೂ ತಮ್ಮದೊಂದು ಚೌಕಟ್ಟಿನೊಳಗೆ ಕೂರಿಸುತ್ತವೆ, ಡಿಡಬ್ಲ್ಯೂಎಂ ಕೂರಿಸುವುದಿಲ್ಲ. ಜಾವಾದ ಹಳೆಯ ಚಿತ್ರಲೈಬ್ರರಿ ಚೌಕಟ್ಟು ಇದ್ದೇ ಇರುತ್ತದೆ ಎಂದು ನಂಬಿ ಕಾಯುತ್ತದೆ. ಡಬ್ಲ್ಯೂಎಂನೇಮ್ ಎಂಬ ಪುಟ್ಟ ಉಪಕರಣದಿಂದ ವಿಂಡೋ ಮ್ಯಾನೇಜರಿನ ಹೆಸರನ್ನು ಎಲ್‌ಜಿ3ಡಿ ಎಂದು ಬದಲಿಸಿ. ಜಾವಾಕ್ಕೆ ಆ ಹೆಸರು ಪರಿಚಯ, ಚೌಕಟ್ಟು ಇಲ್ಲದವನು ಎಂದು ಗೊತ್ತು. ಸರಿಹೋಗುತ್ತದೆ.

ಬೂದುಕಿಟಕಿ

ಸರಿಹೋಯಿತು! ಸುಳ್ಳು ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ ಎಂದರೆ ಏನು ಹೇಳುವುದು.

ಸುಮ್ಮನೆ_ಓದುವವಳು

ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಬಳಸುವವರು ಇಬ್ಬರು ಎಂದ ಮೇಲೆ ಒಂದೇ ವಿಂಡೋ ಮ್ಯಾನೇಜರ್ ಏಕೆ ಆರಿಸಬೇಕು? ಇಬ್ಬರಿಗೂ ಬೇರೆ ಬೇರೆ ಬಳಕೆದಾರ ಖಾತೆ ಮಾಡಿ. ಲೈಟ್‌ಡಿಎಂ ಲಾಗಿನ್ ಪರದೆಯಲ್ಲಿ ಒಮ್ಮೆ ಆರಿಸಿದರೆ ಯಾರಿಗೆ ಯಾವುದು ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ತಮ್ಮನಿಗೆ ಐ3, ಅಮ್ಮನಿಗೆ ಐಸ್‌ಡಬ್ಲ್ಯೂಎಂ, ನನಗೆ ಎಕ್ಸ್‌ಎಫ್‌ಸಿಇ. ಮೂರೂ ಒಂದೇ ಡಿಸ್ಕಿನಲ್ಲಿವೆ. ವಿಂಡೋ ಮ್ಯಾನೇಜರುಗಳು ಚಿಕ್ಕವಾದ್ದರಿಂದ ಜಾಗದ ಪ್ರಶ್ನೆಯೇ ಬರುವುದಿಲ್ಲ.

ಅರೆಬರೆ

ಮೂವತ್ತು ಉತ್ತರಗಳಾದವು, ಇದು ಯಾರಿಗೂ ಹೊಳೆಯಲಿಲ್ಲವೇ? ನನಗೂ ಹೊಳೆಯಲಿಲ್ಲ, ಅದು ಬೇರೆ ಮಾತು.

ಮೂಷಿಕವಿರೋಧಿ

ಹಾಗಾದರೆ ನಿಧಾನಿ ಅವರ ಖಾತೆಗೆ ರ‍್ಯಾಟ್‌ಪಾಯ್ಸನ್?

ನಿಧಾನಿ

ಹತ್ತು ದಿನಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಜಡ್‌ರ‍್ಯಾಮ್ ಹಾಕಿದೆ. ಹಳೆಯದೊಂದು ಎಸ್‌ಎಸ್‌ಡಿ ಸ್ನೇಹಿತನ ಬಳಿ ಬಿದ್ದಿತ್ತು, ಅದನ್ನೂ ಹಾಕಿದೆ. ಗಣಕರಿಗೆ ಸಾಷ್ಟಾಂಗ. ಕುತೂಹಲಕ್ಕೆ ಅದರ ಮೇಲೆ ಮತ್ತೆ ಗ್ನೋಮ್ ತೆರೆದು ನೋಡಿದೆ. ಮೊದಲಿಗಿಂತ ಎಷ್ಟೋ ವಾಸಿ, ಆದರೆ ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ಆದ ಕೂಡಲೇ ಮತ್ತೆ ಏದುಸಿರು. ಹಾಗಾಗಿ ಅದನ್ನು ತೆಗೆದೆ.

ನನಗೆ ಐ3. ಮೊದಲ ಸಲ ತೆರೆದಾಗ ವಿಂಡೋಸ್ ಕೀಲಿ ಬೇಕೇ ಆಲ್ಟ್ ಬೇಕೇ ಎಂದು ಅದೇ ಕೇಳಿ ಸಂರಚನೆಯ ಕಡತ ಬರೆದುಕೊಟ್ಟಿತು. ಮೂರು ದಿನ ಬೆರಳುಗಳು ತಡವರಿಸಿದವು, ಈಗ ಬೇರೆಯವರ ಕಂಪ್ಯೂಟರಿನಲ್ಲಿ ತಡವರಿಸುತ್ತಿವೆ.

ಅಪ್ಪನಿಗೆ ಐಸ್‌ಡಬ್ಲ್ಯೂಎಂ. ವಿನ್95 ಎಂಬ ಥೀಮ್ ಅದರ ಜೊತೆಗೇ ಬರುತ್ತದೆ. ಅದನ್ನು ಹಾಕಿಟ್ಟೆ. ನೋಡಿದವರೇ "ಇದು ನಮ್ಮ ಹಳೇ ಕಚೇರಿಯದು" ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಡೆಸ್ಕ್‌ಟಾಪ್ ಒಂದೇ ಇಟ್ಟಿದ್ದೇನೆ. (ಕಿಟಕಿಪ್ರಿಯೆ ಅವರ ಅತ್ತೆಯವರಿಗೆ ನಮಸ್ಕಾರ ತಿಳಿಸಿ.)

ಒಂದೇ ಕಡೆ ಪೆಟ್ಟು ತಿಂದೆ. ಪೋಲ್‌ಕಿಟ್ ಏಜೆಂಟ್, ಎನ್‌ಎಂ-ಆಪ್ಲೆಟ್, ಯುಡಿಸ್ಕಿ ಎಲ್ಲವನ್ನೂ ಐಸ್‌ಡಬ್ಲ್ಯೂಎಂನ ಸ್ಟಾರ್ಟಪ್ ಕಡತದಲ್ಲಿ ಬರೆದೆ. ಒಂದೂ ಆರಂಭವಾಗಲಿಲ್ಲ. ಅರ್ಧ ದಿನ ಅಕ್ಷರ ಅಕ್ಷರ ತಿದ್ದಿದೆ. ಕೊನೆಗೆ ನೋಡಿದರೆ ಆ ಕಡತಕ್ಕೆ ಚಲಾಯಿಸುವ ಅನುಮತಿಯನ್ನೇ ಕೊಟ್ಟಿರಲಿಲ್ಲ. ಸಿಎಚ್‌ಮಾಡ್ ಒಂದು ಸಾಲು.

ನೂಲುಕಟ್ಟು

ಆ ಅರ್ಧ ದಿನವನ್ನು ಪ್ರತಿಯೊಬ್ಬರೂ ಕಳೆಯಲೇಬೇಕು. ಪರದೆ ಮುಚ್ಚಿದರೆ ಬೀಗ ಬೀಳುತ್ತದೆಯೇ, ನೋಡಿದಿರಾ?

ನಿಧಾನಿ

ಇಲ್ಲ! ಈಗ ನೋಡುತ್ತೇನೆ.

ನಿಧಾನಿ

ಬೀಳುವುದಿಲ್ಲ.

ನೂಲುಕಟ್ಟು

ಎಕ್ಸ್‌ಎಸ್‌ಎಸ್-ಲಾಕ್. ಅದೇ ಸ್ಟಾರ್ಟಪ್ ಕಡತದಲ್ಲಿ, ಸಾಲಿನ ಕೊನೆಗೆ ಆಂಪರ್‌ಸ್ಯಾಂಡ್ ಮರೆಯಬೇಡಿ. ಮರೆತರೆ ಮುಂದಿನ ಸಾಲುಗಳು ಅದು ಮುಗಿಯಲಿ ಎಂದು ಕಾಯುತ್ತಾ ಕೂರುತ್ತವೆ.

ಮೂವತ್ತೆರಡು

ನನಗೂ ಇದೇ ಸಮಸ್ಯೆ, ಆದರೆ ನನ್ನದು 1 ಜಿಬಿ ರ‍್ಯಾಮ್, 32 ಬಿಟ್ ಪ್ರೊಸೆಸರ್. ಮೇಲಿನದೆಲ್ಲ ಓದಲು ಸಮಯವಿಲ್ಲ. ಡೆಬಿಯನ್ 13 ಹಾಕಿ ಐಸ್‌ಡಬ್ಲ್ಯೂಎಂ ಹಾಕಬಹುದೇ?

ಹಳೆಬೇರು

ಐಸ್‌ಡಬ್ಲ್ಯೂಎಂ ಹಾಕಬಹುದು, ಡೆಬಿಯನ್ 13 ಹಾಕಲಾಗುವುದಿಲ್ಲ. ಆ ಆವೃತ್ತಿಯಿಂದ 32 ಬಿಟ್ ಪಿಸಿಗಳಿಗೆ ಅನುಸ್ಥಾಪಕವನ್ನೂ ಕರ್ನಲನ್ನೂ ಕೊಡುವುದು ನಿಲ್ಲಿಸಿದ್ದಾರೆ. ಡೆಬಿಯನ್ 12 ಇನ್ನೂ ನಡೆಯುತ್ತದೆ. ಆಂಟಿಎಕ್ಸ್ ಕೂಡ ನೋಡಿ, ಅದರಲ್ಲಿ ಐಸ್‌ಡಬ್ಲ್ಯೂಎಂ ಮೊದಲೇ ಜೋಡಿಸಿ ಬರುತ್ತದೆ. ಪ್ರೊಸೆಸರಿನ ಹೆಸರು ಏನು? ಎಷ್ಟೋ ಜನ 64 ಬಿಟ್ ಯಂತ್ರದಲ್ಲಿ 32 ಬಿಟ್ ವಿಂಡೋಸ್ ಇತ್ತೆಂದು ಯಂತ್ರವೇ 32 ಬಿಟ್ ಎಂದುಕೊಂಡಿರುತ್ತಾರೆ. "ಎಲ್‌ಎಸ್‌ಸಿಪಿಯು" ಕೊಟ್ಟು ಎರಡನೆಯ ಸಾಲನ್ನು ಇಲ್ಲಿ ಹಾಕಿ.

ಟರ್ಮಿನಲ್_ತಿಮ್ಮ

1 ಜಿಬಿ ಎಂದರೆ ಡಿಡಬ್ಲ್ಯೂಎಂ.

ನಿರ್ವಾಹಕ

ಮೂವತ್ತೆರಡು ಅವರೇ, ಹೊಸ ಎಳೆ ತೆರೆಯಿರಿ, ಹಳೆಬೇರು ಅವರು ಅಲ್ಲಿಗೆ ಬರುತ್ತಾರೆ. ತಿಮ್ಮ ಅವರು ಹೇಗೂ ಬರುತ್ತಾರೆ.